ಮಕ್ಕಳಿಗಾಗಿ ಬರೆದಿಡುವ ಪತ್ರ: ಎಲ್ಲಿಂದ ಶುರು ಮಾಡಬೇಕು, ಏನು ಬರೆಯಬೇಕು, ಯಾರ ಕೈಗೆ ಕೊಡಬೇಕು

"ನಾನು ಹಠಾತ್ತನೆ ಹೋಗಿಬಿಟ್ಟರೆ ಮಕ್ಕಳಿಗೆ ಅಂತ ಏನಾದರೂ ಬರೆದಿಟ್ಟಿರಬೇಕು ಅನಿಸುತ್ತದೆ. ಕೂತರೆ ಒಂದು ಸಾಲೂ ಬರುವುದಿಲ್ಲ. ಏನು ಬರೆಯಲಿ?" ಸಣ್ಣ ಮಕ್ಕಳಿರುವ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ. ಕೇಳುವವರಲ್ಲಿ ಕಾಯಿಲೆ ಬಿದ್ದವರಿಗಿಂತ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವವರೇ ಹೆಚ್ಚು. ಅದು ಒಳ್ಳೆಯದೇ. ಮನಸ್ಸು ತಿಳಿಯಾಗಿರುವಾಗ, ಆತುರವಿಲ್ಲದಾಗ ಮಾಡಬೇಕಾದ ಕೆಲಸ ಇದು.

ನನ್ನ ಮಾತು ಇಷ್ಟು: ಹೇಗೆ ಬದುಕಬೇಕು ಎಂಬ ಉಪದೇಶವನ್ನು ಕಡಿಮೆ ಬರೆಯಿರಿ, ನಿಮಗೆ ಮಾತ್ರ ಗೊತ್ತಿರುವುದನ್ನು ಹೆಚ್ಚು ಬರೆಯಿರಿ. ನೀವು ಎಂಥವರಾಗಿದ್ದಿರಿ, ಮಗು ನಿಮ್ಮ ಕಣ್ಣಿಗೆ ಹೇಗೆ ಕಂಡಿತು, ನಿಮ್ಮ ಸಾವಿಗೆ ಅದು ಯಾವ ರೀತಿಯಲ್ಲೂ ಕಾರಣವಲ್ಲ ಎಂಬುದು. ಬುದ್ಧಿ ಹೇಳಲು ನೂರು ಜನ ಸಿಗುತ್ತಾರೆ. ಇವನ್ನು ಹೇಳಲು ನೀವೊಬ್ಬರೇ ಇರುವುದು.

ಮುಂದೆ ಹೋಗುವ ಮೊದಲು ಒಂದು ಮಾತು. ಪತ್ರ ಬರೆಯಬೇಕು ಎಂಬ ಒತ್ತಡ ಬರುತ್ತಿರುವುದು ಬದುಕು ಮುಗಿಸಿಬಿಡಬೇಕು ಎಂಬ ಯೋಚನೆಯಿಂದಾದರೆ, ದಯವಿಟ್ಟು ಈಗ ಬರೆಯಲು ಕೂರಬೇಡಿ. ನಂಬಿಕೆಯ ಒಬ್ಬರಿಗೆ ಅಥವಾ ವೈದ್ಯರಿಗೆ ಇವತ್ತೇ ಹೇಳಿ, ಒಂಟಿಯಾಗಿರಬೇಡಿ. ಮಕ್ಕಳಿಗೆ ಬೇಕಿರುವುದು ನೀವು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಒಳ್ಳೆಯ ಕಾಗದ, ಪೆನ್ನು, ಕೆಲವು ಲಕೋಟೆಗಳು, ಧ್ವನಿ ಮುದ್ರಿಸಿಕೊಳ್ಳಲು ಒಂದು ಮೊಬೈಲ್, ಜೊತೆಗೆ ನೀವು ನಂಬುವ ಇಬ್ಬರು ಮನುಷ್ಯರು.

1. ಮೊದಲು ಮೂರು ಕಾಗದಗಳನ್ನು ಬೇರೆ ಬೇರೆ ಮಾಡಿಕೊಳ್ಳಿ

ಹೆಚ್ಚಿನವರು ಕೈಚೆಲ್ಲುವುದು ಎಲ್ಲವನ್ನೂ ಒಂದೇ ಪತ್ರದಲ್ಲಿ ಹೇಳಲು ಹೋಗಿ. ಆಸ್ತಿಯ ವಿಚಾರ, ಮಗುವಿನ ಔಷಧಿ, ಮನಸ್ಸಿನ ಮಾತು ಎಲ್ಲ ಒಟ್ಟಿಗೆ ಸೇರಿದರೆ ಅದು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲನೆಯದು ಉಯಿಲು. ಆಸ್ತಿ ಯಾರಿಗೆ ಸೇರಬೇಕು, ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲಕರು ಯಾರಾಗಬೇಕು ಎಂದು ಬರೆದಿಡುವ ಕಾನೂನಿನ ಕಾಗದ ಅದು. (ಪಾಲಕರು ಎಂದರೆ ಇಲ್ಲಿ, ತಂದೆ ತಾಯಿ ಇಲ್ಲದಾಗ ಮಗುವಿನ ಹೊಣೆ ಹೊರುವವರು.) ಉಯಿಲಿನ ನಿಯಮ ದೇಶದಿಂದ ದೇಶಕ್ಕೆ ಬೇರೆ. ಬಹಳ ಕಡೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು, ಆಸ್ತಿಯಲ್ಲಿ ಪಾಲು ಪಡೆಯುವವರೇ ಸಾಕ್ಷಿಯಾದರೆ ತೊಡಕಾಗುತ್ತದೆ. ಇದನ್ನು ವಕೀಲರ ಬಳಿ ಮಾಡಿಸಿ.

ಎರಡನೆಯದು ಪಾಲಕರಿಗೆ ಬರೆಯುವ ಟಿಪ್ಪಣಿ. ಮೂರನೆಯದು ಮಗುವಿಗೆ ಬರೆಯುವ ಪತ್ರ. ಈ ಎರಡಕ್ಕೂ ಸಾಮಾನ್ಯವಾಗಿ ಕಾನೂನಿನ ಬಲ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ.

ಎಚ್ಚರಿಕೆ: "ಈ ಮನೆ ನಿನಗೇ ಸೇರಬೇಕು", "ಆ ಒಡವೆ ನಿನ್ನ ತಂಗಿಗೆ" ಎಂಬಂಥ ಸಾಲುಗಳನ್ನು ಮಗುವಿನ ಪತ್ರದಲ್ಲಿ ಬರೆಯಬೇಡಿ. ಉಯಿಲಿನಲ್ಲಿ ಒಂದು, ಪತ್ರದಲ್ಲಿ ಇನ್ನೊಂದು ಇದ್ದರೆ ಒಡಹುಟ್ಟಿದವರ ನಡುವೆ ವರ್ಷಗಟ್ಟಲೆ ಮನಸ್ತಾಪ ಉಳಿಯುತ್ತದೆ, ಅದೂ ನಿಮ್ಮದೇ ಕೈಬರಹದ ಸಾಕ್ಷಿಯೊಂದಿಗೆ.

2. ಪಾಲಕರ ಟಿಪ್ಪಣಿಯನ್ನು ಮೊದಲು ಮುಗಿಸಿ

ಭಾವನೆ ಕಡಿಮೆ, ಮಾಹಿತಿ ಹೆಚ್ಚು ಇರುವ ಕಾಗದ ಇದು. ಆದ್ದರಿಂದ ಬರೆಯುವುದು ಸುಲಭ, ಕೈಯೂ ಪಳಗುತ್ತದೆ. ನಿಮ್ಮ ಸಂಗಾತಿ ಬದುಕಿದ್ದು ಮಗುವನ್ನು ನೋಡಿಕೊಳ್ಳುವವರಿದ್ದರೂ ಇದು ಬೇಕು. ಮಗುವಿನ ಅರ್ಧ ದಿನಚರಿ ನಿಮ್ಮ ತಲೆಯಲ್ಲಿ ಮಾತ್ರ ಇರುತ್ತದೆ.

ಮಗುವಿನ ಔಷಧಿ, ಅಲರ್ಜಿ, ಲಸಿಕೆಯ ದಾಖಲೆ ಎಲ್ಲಿದೆ, ಶಾಲೆಯಲ್ಲಿ ಯಾರೊಂದಿಗೆ ಮಾತಾಡಬೇಕು, ಯಾವ ಕಾಗದಪತ್ರ ಯಾವ ಕಡತದಲ್ಲಿದೆ, ಇವು ಇರಲೇಬೇಕು. ಆಮೇಲೆ ಸಣ್ಣ ವಿವರಗಳಿಗೆ ಬನ್ನಿ. ಒಂದು ಮಾದರಿ ನೋಡಿ:

"ರಾತ್ರಿ ದೀಪ ಪೂರ್ತಿ ಆರಿಸಿದರೆ ಎದ್ದು ಕೂರುತ್ತಾಳೆ. ಬಾಗಿಲು ಒಂದು ಗೇಣಿನಷ್ಟು ತೆರೆದಿರಲಿ. ಹೊಟ್ಟೆನೋವು ಅಂದರೆ ಅರ್ಧ ಸಲ ಶಾಲೆಯಲ್ಲಿ ಏನೋ ಆಗಿದೆ ಎಂದರ್ಥ. ಆಗ ನೇರವಾಗಿ ಕೇಳಿದರೆ ಹೇಳುವುದಿಲ್ಲ, ತಲೆ ಬಾಚುತ್ತಾ ಕೇಳಿದರೆ ಹೇಳುತ್ತಾಳೆ. ಅಳುವಾಗ ಅಪ್ಪಿಕೊಳ್ಳಲು ಬಿಡುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ಕೂತಿದ್ದರೆ ಸಾಕು, ತಾನೇ ಬರುತ್ತಾಳೆ."

ಈ ನಾಲ್ಕೈದು ಸಾಲು ದುಃಖದಲ್ಲಿರುವ ಮಗುವಿನ ಮೊದಲ ತಿಂಗಳನ್ನೇ ಹಗುರ ಮಾಡಬಲ್ಲವು. ಪಾಲಕರು ಇಂಥದ್ದನ್ನು ತಾವಾಗಿ ಕಂಡುಕೊಳ್ಳಲು ಬಹಳ ದಿನ ಹಿಡಿಯುತ್ತದೆ.

ಜೊತೆಗೆ ಒಂದು ಸಾಲು ಪಾಲಕರಿಗಾಗಿಯೇ ಇರಲಿ: "ನೀವು ನನ್ನ ಹಾಗೆ ಮಾಡಬೇಕಿಲ್ಲ. ನಿಮಗೆ ಸರಿ ಕಂಡಂತೆ ಮಾಡಿ." ಬೇರೊಬ್ಬರ ಮಗುವನ್ನು ಬೆಳೆಸುವವರಿಗೆ ಪ್ರತಿ ತೀರ್ಮಾನದಲ್ಲೂ ಅಳುಕು ಇರುತ್ತದೆ. ನಿಮ್ಮ ಅನುಮತಿ ಅವರಿಗೆ ದೊಡ್ಡ ಬಲ.

3. ಆರೋಗ್ಯದ ಒಂದು ಪುಟ

ಮಕ್ಕಳು ದೊಡ್ಡವರಾಗಿ ವೈದ್ಯರೆದುರು ಕೂತಾಗ "ನಿಮ್ಮ ತಂದೆ ತಾಯಿಗೆ ಏನಾದರೂ ಕಾಯಿಲೆ ಇತ್ತಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳಲು ಆಗ ನೀವಿರುವುದಿಲ್ಲ.

ಕಾಯಿಲೆಯ ಹೆಸರಷ್ಟೇ ಸಾಲದು, ಅದು ಯಾವ ವಯಸ್ಸಿಗೆ ಬಂತು ಎಂಬುದನ್ನೂ ಬರೆಯಿರಿ. ತಂದೆಗೆ ಅಥವಾ ಅಣ್ಣತಮ್ಮಂದಿರಿಗೆ 55ರೊಳಗೆ, ತಾಯಿಗೆ ಅಥವಾ ಅಕ್ಕತಂಗಿಯರಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ವೈದ್ಯರು ಅದನ್ನು ಅಪಾಯದ ಸೂಚನೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ತಂದೆಗೋ ತಾಯಿಗೋ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದ್ದರೆ, ಅದು ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲೇ ಮಕ್ಕಳಿಗೆ ತಪಾಸಣೆ ಶುರು ಮಾಡಬೇಕೆಂದು ಹಲವು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್, ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ಕಾಯಿಲೆ), ಥಲಸ್ಸೀಮಿಯಾ (ರಕ್ತದ ಒಂದು ಕಾಯಿಲೆ) ಕೂಡ ಮನೆತನದಲ್ಲಿ ಹರಿದು ಬರಬಹುದು.

ಜನ ಮರೆಯುವುದು ಅರಿವಳಿಕೆಯನ್ನು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ನಿಮಗೆ ಅಥವಾ ನಿಮ್ಮ ರಕ್ತಸಂಬಂಧಿಗಳಿಗೆ ಅರಿವಳಿಕೆ ಔಷಧದಿಂದ ಗಂಭೀರ ತೊಂದರೆ ಆಗಿದ್ದರೆ ತಪ್ಪದೆ ಬರೆಯಿರಿ. ಅಂಥ ಒಂದು ತೊಂದರೆಯಲ್ಲಿ ಮೈ ವಿಪರೀತ ಬಿಸಿಯಾಗಿ, ಸ್ನಾಯುಗಳು ಸೆಟೆದುಕೊಂಡು ಪ್ರಾಣಕ್ಕೇ ಅಪಾಯವಾಗುತ್ತದೆ. ಅದು ತಂದೆ ತಾಯಿಯಿಂದ ಮಕ್ಕಳಿಗೆ ಬರುವಂಥದ್ದು, ಮುಂಚೆ ಗೊತ್ತಿದ್ದರೆ ವೈದ್ಯರು ಬೇರೆ ಔಷಧ ಬಳಸುತ್ತಾರೆ.

ಮನಸ್ಸಿನ ಕಾಯಿಲೆ, ಕುಡಿತದ ಚಟ ಇದ್ದರೆ ಅದನ್ನೂ ಮುಚ್ಚಿಡಬೇಡಿ. ಮುಜುಗರ ನಿಮ್ಮದು, ಉಪಯೋಗ ಅವರದು.

4. ಮಗುವಿನ ಪತ್ರ: ನಿಮ್ಮ ನೆನಪಿನಿಂದ ಶುರು ಮಾಡಿ

ಇಲ್ಲಿ ನಿಧಾನ ಮಾಡಿ. ದೊಡ್ಡವರಾದ ಮೇಲೆ ಯಾರಿಗೂ ಸುಮಾರು 3 ವರ್ಷಕ್ಕೆ ಮೊದಲಿನ ಸಂಗತಿಗಳು ಹೆಚ್ಚಾಗಿ ನೆನಪಿರುವುದಿಲ್ಲ. ಆಮೇಲಿನ ಕೆಲವು ವರ್ಷಗಳೂ ಚೂರುಚೂರಾಗಿಯೇ ಉಳಿಯುತ್ತವೆ. ಅಂದರೆ ನಿಮ್ಮ ಮಗು ಈಗ ಪುಟ್ಟದಿದ್ದರೆ, ನೀವು ಅದರೊಂದಿಗೆ ಕಳೆದ ಈ ಇಡೀ ಕಾಲ ಅದರ ನೆನಪಿನಲ್ಲಿ ಇರುವುದಿಲ್ಲ. ಅದನ್ನು ಬರೆದು ಕೊಡುವುದೇ ಪತ್ರದ ಮುಖ್ಯ ಕೆಲಸ.

ಹುಟ್ಟಿದ ದಿನದಿಂದ ಶುರು ಮಾಡಬಹುದು. ಹೆಸರು ಯಾಕೆ ಇಟ್ಟಿರಿ, ಮೊದಲ ಸಲ ಎತ್ತಿಕೊಂಡಾಗ ಏನನಿಸಿತು (ಹೆದರಿಕೆ ಆಗಿದ್ದರೆ ಹೆದರಿಕೆ ಎಂದೇ ಬರೆಯಿರಿ), ಯಾವ ಶಬ್ದ ಕೇಳಿದರೆ ನಗುತ್ತಿತ್ತು, ಯಾವುದನ್ನು ಕಂಡರೆ ಆಗುತ್ತಿರಲಿಲ್ಲ.

"ನೀನು ಒಳ್ಳೆಯ ಹುಡುಗ, ನಿನ್ನನ್ನು ತುಂಬಾ ಪ್ರೀತಿಸುತ್ತೇನೆ" ಎಂಬ ಸಾಲನ್ನು ಯಾವ ತಾಯಿ ಬೇಕಾದರೂ ಯಾವ ಮಗುವಿಗೆ ಬೇಕಾದರೂ ಬರೆಯಬಹುದು. ಅದು ಇರಲಿ, ಆದರೆ ಅದರ ಕೆಳಗೆ ಹೀಗೊಂದು ಬರಲಿ:

"ಮೂರು ವರ್ಷದವನಿದ್ದಾಗ ನೀನು ನಡೆಯುವ ದಾರಿಯಲ್ಲಿ ಇರುವೆ ಸಾಲು ಕಂಡರೆ ನಿಂತುಬಿಡುತ್ತಿದ್ದೆ. ಅದು ಮುಗಿಯುವವರೆಗೂ ದಾಟುತ್ತಿರಲಿಲ್ಲ, ನನ್ನನ್ನೂ ದಾಟಲು ಬಿಡುತ್ತಿರಲಿಲ್ಲ. ನನಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು, ಕೆಲವು ಸಲ ಸಿಟ್ಟೂ ಬರುತ್ತಿತ್ತು. ಆದರೂ ನಿನ್ನ ಜೊತೆ ನಿಂತಿರುತ್ತಿದ್ದೆ. ನಿನ್ನ ಈ ಗುಣ ನನಗೆ ಬಹಳ ಇಷ್ಟ."

ಇದನ್ನು ಓದುವ ಇಪ್ಪತ್ತು ವರ್ಷದ ಹುಡುಗನಿಗೆ ತನ್ನನ್ನು ಯಾರೋ ಹತ್ತಿರದಿಂದ ನೋಡಿದ್ದರು ಎಂಬುದು ಗೊತ್ತಾಗುತ್ತದೆ. ಪ್ರೀತಿ ಎಂಬ ಪದ ಅದರಲ್ಲಿ ಒಂದು ಸಲವೂ ಬರಬೇಕಾಗಿಲ್ಲ.

ನಿಮ್ಮ ಬಗ್ಗೆಯೂ ಬರೆಯಿರಿ. ಓದಿನಲ್ಲಿ ಹೇಗಿದ್ದಿರಿ, ಯಾವುದಕ್ಕೆ ಹೆದರುತ್ತಿದ್ದಿರಿ, ಯಾವ ತೀರ್ಮಾನ ತಪ್ಪಾಯಿತು, ಸಂಗಾತಿಯನ್ನು ಹೇಗೆ ಕಂಡಿರಿ. ಸತ್ತವರನ್ನು ಉಳಿದವರು ದೇವರನ್ನಾಗಿ ಮಾಡಿಬಿಡುತ್ತಾರೆ. ಎಲ್ಲದರಲ್ಲೂ ಸರಿಯಿದ್ದ ತಂದೆಯ ಮುಂದೆ ಮಗ ಯಾವಾಗಲೂ ಸೋಲುತ್ತಾನೆ. ನಿಮ್ಮ ಲೋಪಗಳನ್ನು ನೀವೇ ಹೇಳಿದರೆ ಮಗುವಿಗೆ ಉಸಿರಾಡಲು ಜಾಗ ಸಿಗುತ್ತದೆ.

ಏನೂ ತೋಚದಿದ್ದರೆ ಒಂದು ದಾರಿ ಇದೆ. ಕೆನಡಾದ ಮನೋವೈದ್ಯ ಹಾರ್ವೆ ಚೊಚಿನೋವ್ ಮತ್ತು ಅವರ ತಂಡ ಕೊನೆಯ ಹಂತದ ರೋಗಿಗಳಿಗಾಗಿ ಒಂದು ಕ್ರಮ ರೂಪಿಸಿ 2005ರಲ್ಲಿ ಪ್ರಕಟಿಸಿತು. ಅದರಲ್ಲಿ ರೋಗಿಯ ಮುಂದೆ ಕೆಲವು ಪ್ರಶ್ನೆಗಳನ್ನಿಟ್ಟು, ಉತ್ತರವನ್ನು ಧ್ವನಿಯಲ್ಲಿ ಮುದ್ರಿಸಿ, ಬರಹಕ್ಕಿಳಿಸಿ ಮನೆಯವರಿಗೆ ಕೊಡಲಾಗುತ್ತದೆ. ನಿಮ್ಮ ಬದುಕಿನಲ್ಲಿ ಅತಿ ಜೀವಂತವಾಗಿದ್ದ ಕಾಲ ಯಾವುದು, ಯಾವುದರ ಬಗ್ಗೆ ಹೆಮ್ಮೆ ಇದೆ, ನಿಮ್ಮವರಿಗೆ ಇನ್ನೂ ಹೇಳಬೇಕಾದದ್ದು ಏನು ಉಳಿದಿದೆ, ಅವರಿಗಾಗಿ ಏನು ಆಸೆ ಇಟ್ಟುಕೊಂಡಿದ್ದೀರಿ, ಈ ಬಗೆಯ ಪ್ರಶ್ನೆಗಳು. ಆರೋಗ್ಯವಂತರಿಗೂ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ಸ್ನೇಹಿತರೊಬ್ಬರು ಕೇಳುತ್ತಾ ಹೋಗಲಿ, ನೀವು ಮಾತಾಡುತ್ತಾ ಹೋಗಿ.

5. ಮಗುವನ್ನು ಬಿಡುಗಡೆ ಮಾಡುವ ಸಾಲುಗಳು

ಪತ್ರದಲ್ಲಿ ಬೇರೇನೂ ಇಲ್ಲದಿದ್ದರೂ ಇದು ಇರಲಿ.

ಹಂಗೆರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ವರ್ಷದೊಳಗಿನ ಮಕ್ಕಳು ಸಾವನ್ನು ಮರಳಿ ಬರಬಹುದಾದ ಪ್ರಯಾಣದಂತೆ ಕಾಣುತ್ತಾರೆ ಎಂಬುದು ಕಂಡುಬಂತು. ಸತ್ತವರು ಮತ್ತೆ ಬರುವುದಿಲ್ಲ, ಅವರಿಗೆ ನೋವು ಹಸಿವು ಇರುವುದಿಲ್ಲ ಎಂಬುದು ಹೆಚ್ಚಿನ ಮಕ್ಕಳಿಗೆ 5ರಿಂದ 7ರ ನಡುವೆ ಅರ್ಥವಾಗುತ್ತಾ ಬರುತ್ತದೆ ಎಂದು ನಂತರದ ಅಧ್ಯಯನಗಳು ಹೇಳಿವೆ. ಇದರ ಜೊತೆಗೆ ಸಣ್ಣ ಮಕ್ಕಳಿಗೆ ಇನ್ನೊಂದು ನಂಬಿಕೆ: ತಾನು ಅಂದುಕೊಂಡದ್ದು ನಿಜವಾಗುತ್ತದೆ. ಸಿಟ್ಟಿನಲ್ಲಿ "ನೀನು ಸಾಯಿ" ಅಂದಿದ್ದ ಮಗು, ಹೇಳಿದ ಮಾತು ಕೇಳದೆ ಹಠ ಮಾಡಿದ್ದ ಮಗು, ಅಪ್ಪ ಸತ್ತದ್ದು ತನ್ನಿಂದ ಎಂದು ಯಾರಿಗೂ ಹೇಳದೆ ವರ್ಷಗಟ್ಟಲೆ ಹೊತ್ತು ತಿರುಗಬಹುದು.

ಅದಕ್ಕೇ ನೇರವಾಗಿ ಬರೆಯಿರಿ: "ನಾನು ಸತ್ತದ್ದು ನಿನ್ನಿಂದ ಅಲ್ಲ. ನೀನು ಆಡಿದ ಮಾತು, ಮಾಡಿದ ಹಠ, ಮನಸ್ಸಿನಲ್ಲಿ ಅಂದುಕೊಂಡದ್ದು ಯಾವುದರಿಂದಲೂ ಅಲ್ಲ. ನಾವು ಜಗಳವಾಡಿದ ದಿನವೂ ನನಗೆ ನೀನು ಬೇಕಾಗಿದ್ದೆ."

ಹಾಗೆಯೇ: "ನಗು ಬಂದಾಗ ನಗು. ಅದರಿಂದ ನನ್ನನ್ನು ಮರೆತಂತೆ ಆಗುವುದಿಲ್ಲ." ದುಃಖದ ಮನೆಯಲ್ಲಿ ಮೊದಲ ಸಲ ಜೋರಾಗಿ ನಕ್ಕ ಮಗು ತಕ್ಷಣ ಬಾಯಿ ಮುಚ್ಚಿಕೊಳ್ಳುತ್ತದೆ.

ಬರೆಯಲು ಕಷ್ಟವಾದದ್ದು ಇನ್ನೊಂದಿದೆ. ನಿಮ್ಮ ಸಂಗಾತಿ ಮುಂದೆ ಮತ್ತೊಬ್ಬರನ್ನು ಮದುವೆಯಾಗಬಹುದು, ಅಥವಾ ಮಗು ಪಾಲಕರನ್ನೇ ಅಮ್ಮ ಅಪ್ಪ ಎಂದು ಕರೆಯಬಹುದು. "ಅವರನ್ನು ಮನಸಾರೆ ಪ್ರೀತಿಸು. ಅದರಿಂದ ನನ್ನ ಪಾಲು ಕಡಿಮೆಯಾಗುವುದಿಲ್ಲ" ಎಂದು ಬರೆಯಿರಿ. ಈ ಸಾಲು ಬರೆಯುವ ಧೈರ್ಯ ಬಾರದಿದ್ದರೆ ಕಾದು ಬರೆಯಿರಿ, ಬಿಟ್ಟುಬಿಡಬೇಡಿ. ಇಬ್ಬರ ನಡುವೆ ಸೀಳಿಹೋಗುವ ಮಗುವಿಗೆ ಇದನ್ನು ನಿಮ್ಮ ಹೊರತು ಯಾರೂ ಕೊಡಲಾರರು.

6. ಬರೆಯಬಾರದ್ದು

ಹುಷಾರಾಗಿರಬೇಕಾದದ್ದು ಆಜ್ಞೆಗಳ ಬಗ್ಗೆ. "ಡಾಕ್ಟರ್ ಆಗು", "ತಮ್ಮನನ್ನು ಎಂದೂ ಬಿಡಬೇಡ", "ಅಮ್ಮನ ಕಣ್ಣಲ್ಲಿ ನೀರು ಬರಿಸಬೇಡ". ಬದುಕಿರುವ ತಂದೆಯ ಮಾತಿಗೆ ಮಗು ಎದುರಾಡಬಹುದು, ವಾದ ಮಾಡಿ ಗೆಲ್ಲಬಹುದು. ಸತ್ತವರೊಂದಿಗೆ ವಾದ ಮಾಡಲು ಬರುವುದಿಲ್ಲ. ಹತ್ತು ವರ್ಷದ ಮಗುವಿಗೆ "ಇನ್ನು ಮೇಲೆ ಮನೆಗೆ ನೀನೇ ದೊಡ್ಡವನು" ಎಂದು ಬರೆದರೆ ಅದರ ಬಾಲ್ಯ ಅಲ್ಲಿಗೇ ಮುಗಿಯಿತು. ಏನಾದರೂ ಹೇಳಲೇಬೇಕಿದ್ದರೆ ನಿಮ್ಮ ಅನುಭವವಾಗಿ ಹೇಳಿ, ಕೊನೆಗೆ "ನಿನ್ನ ಕಾಲ ಬೇರೆ ಇರಬಹುದು, ನೀನೇ ನೋಡಿ ತೀರ್ಮಾನಿಸು" ಎಂದು ಸೇರಿಸಿ.

ಒಬ್ಬ ಮಗುವನ್ನು ಇನ್ನೊಬ್ಬರೊಂದಿಗೆ ಹೋಲಿಸಬೇಡಿ. ಒಡಹುಟ್ಟಿದವರು ಪತ್ರಗಳನ್ನು ಅದಲುಬದಲು ಮಾಡಿ ಓದಿಯೇ ಓದುತ್ತಾರೆ. ಉದ್ದವೂ ಸರಿಸುಮಾರು ಒಂದೇ ಇರಲಿ. ಸಂಗಾತಿಯ ಅಥವಾ ನೆಂಟರ ಮೇಲಿನ ಸಿಟ್ಟನ್ನು ತೀರಿಸಿಕೊಳ್ಳುವ ಜಾಗ ಇದಲ್ಲ.

ಗುಟ್ಟುಗಳ ವಿಚಾರ ಬೇರೆ. ಮಗು ದತ್ತು ಬಂದದ್ದು, ಮೊದಲಿನ ಮದುವೆ, ಇನ್ನೊಬ್ಬ ಒಡಹುಟ್ಟು, ಇಂಥವನ್ನು ಪತ್ರದ ಮೂಲಕ ಮೊದಲ ಸಲ ತಿಳಿಸುವುದು ಕ್ರೂರ, ಮಗು ತಿರುಗಿ ಕೇಳಿದರೆ ಉತ್ತರ ಹೇಳಲು ನೀವು ಇರುವುದಿಲ್ಲವಲ್ಲ. ಸಾಧ್ಯವಾದರೆ ಬದುಕಿರುವಾಗಲೇ, ಮಗುವಿನ ವಯಸ್ಸಿಗೆ ತಕ್ಕಂತೆ ಹೇಳಿ. ಆಗದಿದ್ದರೆ ನಂಬಿಕೆಯ ದೊಡ್ಡವರೊಬ್ಬರಿಗೆ ಪೂರ್ತಿ ತಿಳಿಸಿ, ಅವರು ಎದುರು ಕೂತು ಹೇಳಲಿ.

ಮುಚ್ಚುಮರೆಯ ಮಾತೂ ಬೇಡ. ಪುಟ್ಟ ಮಕ್ಕಳಿಗೆ "ಮಲಗಿದ್ದೇನೆ", "ದೂರ ಹೋಗಿದ್ದೇನೆ" ಎಂದು ಬರೆದರೆ ಕೆಲವರು ನಿದ್ದೆಗೇ ಹೆದರುತ್ತಾರೆ, ಕೆಲವರು ಬಾಗಿಲು ಕಾಯುತ್ತಾರೆ. "ಸತ್ತುಹೋದೆ, ಮತ್ತೆ ಬರಲಾರೆ" ಎಂದೇ ಇರಲಿ. ನಿಮ್ಮ ನಂಬಿಕೆಯ ಮಾತನ್ನು ಅದರ ನಂತರ ಸೇರಿಸಿಕೊಳ್ಳಬಹುದು.

7. ಎಷ್ಟು ಪತ್ರ, ಯಾವಾಗ ತೆರೆಯಬೇಕು

ಪ್ರತಿ ಹುಟ್ಟುಹಬ್ಬಕ್ಕೆ ಒಂದರಂತೆ ಬರೆದಿಡುವ ಆಸೆ ಹಲವರಿಗೆ. ನನಗೆ ಇದು ಅಷ್ಟು ಸರಿ ಕಾಣುವುದಿಲ್ಲ. ಪ್ರತಿ ವರ್ಷ ಸಂಭ್ರಮದ ದಿನವೇ ದುಃಖದ ಲಕೋಟೆ ಬರುತ್ತದೆ, ಜೊತೆಗೆ ಕೊನೆಯ ಲಕೋಟೆ ತೆರೆದ ದಿನ ಮತ್ತೊಮ್ಮೆ ಕಳೆದುಕೊಂಡಂತಾಗುತ್ತದೆ. "ನಿನ್ನ ಮದುವೆಯ ದಿನಕ್ಕೆ", "ನಿನಗೆ ಮಗುವಾದಾಗ" ಎಂದು ಬರೆದರೆ, ಮದುವೆಯಾಗದ, ಮಕ್ಕಳಾಗದ ಬದುಕು ನಿಮಗೆ ಒಪ್ಪಿಗೆಯಿಲ್ಲ ಎಂಬ ಅರ್ಥ ಹೊಮ್ಮುತ್ತದೆ.

ನನ್ನ ಸಲಹೆ: ಚಿಕ್ಕ ಮಗುವಿಗೆ ದೊಡ್ಡವರು ಓದಿ ಹೇಳಬಹುದಾದ ಒಂದು ಪುಟ, ಹದಿಹರೆಯಕ್ಕೆ ಒಂದು, ದೊಡ್ಡವರಾದ ಮೇಲೆ ಓದಲು ಒಂದು ಉದ್ದನೆಯದು. ಲಕೋಟೆಯ ಮೇಲೆ "ನಿನಗೆ ಬೇಕೆನಿಸಿದಾಗ ತೆರೆ, ಬೇಡವೆನಿಸಿದರೆ ಇರಲಿ" ಎಂದು ಬರೆಯಿರಿ.

8. ಕಾಗದ, ಶಾಯಿ, ಧ್ವನಿ

ಕೈಯಿಂದಲೇ ಬರೆಯಿರಿ. ಅಕ್ಷರ ಚೆನ್ನಾಗಿಲ್ಲ ಎಂಬ ಸಂಕೋಚ ಬೇಡ. ಆಮ್ಲರಹಿತ ಕಾಗದ (ಬೇಗ ಹಳದಿಯಾಗಿ ಪುಡಿಯಾಗದಂಥದ್ದು) ಸಿಕ್ಕರೆ ಉತ್ತಮ. ಶಾಯಿಯಲ್ಲಿ ಎರಡು ಬಗೆ: ನೀರಿಗೆ, ಬೆಳಕಿಗೆ ಮಾಸುವ ಡೈ ಶಾಯಿ ಒಂದು, ಮಾಸದೆ ನಿಲ್ಲುವ ಪಿಗ್ಮೆಂಟ್ ಶಾಯಿ ಇನ್ನೊಂದು. ಎರಡನೆಯದನ್ನು ಕೊಳ್ಳಿ. ಲ್ಯಾಮಿನೇಶನ್ ಮಾಡಿಸಬೇಡಿ, ಅದರ ಅಂಟು ಮತ್ತು ಬಿಸಿ ಕಾಗದವನ್ನು ಹಾಳು ಮಾಡುತ್ತವೆ, ಆಮೇಲೆ ಬಿಡಿಸಲೂ ಆಗುವುದಿಲ್ಲ. ಪಿನ್ ತುಕ್ಕು ಹಿಡಿಯುತ್ತದೆ, ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಳ್ಳುತ್ತದೆ. ಅಂಗಡಿ ರಸೀದಿಯಂಥ ಥರ್ಮಲ್ ಕಾಗದದ ಮೇಲಿರುವ ಯಾವುದನ್ನಾದರೂ ಜೊತೆಗಿಡುವುದಿದ್ದರೆ ಜೆರಾಕ್ಸ್ ಮಾಡಿಸಿ ಇಡಿ, ಮೂಲ ಪ್ರತಿ ಕೆಲವೇ ವರ್ಷದಲ್ಲಿ ಬಿಳಿಯಾಗಬಹುದು.

ಧ್ವನಿಯನ್ನು ಬಿಡಬೇಡಿ. ಮುಖಕ್ಕೆ ಫೋಟೋ ಇರುತ್ತದೆ, ದನಿ ಮೊದಲು ಮರೆತುಹೋಯಿತು ಎಂದು ತಂದೆ ತಾಯಿಯನ್ನು ಕಳೆದುಕೊಂಡ ಬಹಳ ಜನ ಹೇಳುತ್ತಾರೆ. ಮಗುವಿನ ಹೆಸರು ಹಿಡಿದು ಕರೆಯುವುದು, ಒಂದು ಕಥೆ, ಬರುತ್ತಿದ್ದರೆ ಒಂದು ಜೋಗುಳ, ಇಷ್ಟು ಸಾಕು. ಕಡತ ಎಲ್ಲ ಕಡೆ ತೆರೆಯುವ ಎಂಪಿ3 ರೂಪದಲ್ಲಿರಲಿ. ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಮನೆಯಲ್ಲಿ, ಇದು ದಾಖಲೆ ಕಾಯುವವರ ಹಳೆಯ ಸೂತ್ರ.

9. ಯಾರ ಕೈಗೆ ಕೊಡಬೇಕು

ನೀವು ಬರೆದಿದ್ದೀರಿ ಎಂಬುದು ಇಬ್ಬರಿಗೆ ಗೊತ್ತಿರಬೇಕು, ಎಲ್ಲಿದೆ ಎಂಬುದೂ. ಒಬ್ಬರು ಮನೆಯವರು, ಇನ್ನೊಬ್ಬರು ಬೇರೆ ಮನೆಯವರು. ಇಬ್ಬರೂ ಒಂದೇ ಕಾರಿನಲ್ಲಿ ನಿಮ್ಮೊಂದಿಗೆ ಪ್ರಯಾಣ ಮಾಡುವವರಾದರೆ ಲೆಕ್ಕಕ್ಕಿಲ್ಲ. ಬ್ಯಾಂಕ್ ಲಾಕರ್ ಉಯಿಲಿಗಾಗಲಿ ಪತ್ರಕ್ಕಾಗಲಿ ಒಳ್ಳೆಯ ಜಾಗವಲ್ಲ, ಖಾತೆದಾರರು ಸತ್ತ ಮೇಲೆ ಅದನ್ನು ತೆರೆಸುವುದಕ್ಕೇ ಬಹಳ ದಿನ ಹಿಡಿಯಬಹುದು.

ಮೊಬೈಲ್‌ನಲ್ಲಿರುವ ಫೋಟೋ, ವಿಡಿಯೋಗಳಿಗೂ ದಾರಿ ಮಾಡಿಡಿ. ಗೂಗಲ್ ಖಾತೆಯಲ್ಲಿ 'ಇನಾಕ್ಟಿವ್ ಅಕೌಂಟ್ ಮ್ಯಾನೇಜರ್' ಎಂಬ ವ್ಯವಸ್ಥೆ 2013ರಿಂದ ಇದೆ. ನೀವು 3ರಿಂದ 18 ತಿಂಗಳವರೆಗೆ ಆರಿಸಿದಷ್ಟು ಕಾಲ ಖಾತೆ ಬಳಸದೇ ಇದ್ದರೆ, ನೀವು ಹೆಸರಿಸಿದವರಿಗೆ ಅದು ಮಾಹಿತಿ ಕಳಿಸುತ್ತದೆ. ಎರಡು ವರ್ಷ ಯಾರೂ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು, ಹಾಗಾಗಿ ತಡ ಮಾಡಬೇಡಿ. ಐಫೋನ್‌ನಲ್ಲಿ 'ಲೆಗಸಿ ಕಾಂಟ್ಯಾಕ್ಟ್' ಎಂದು 2021ರಿಂದ ಇದೆ. ನೀವು ಹೆಸರಿಸಿದವರಿಗೆ ಒಂದು ಕೀಲಿಸಂಖ್ಯೆ ಸಿಗುತ್ತದೆ, ಅದರ ಜೊತೆ ಮರಣ ಪ್ರಮಾಣಪತ್ರ ಕೊಟ್ಟರೆ ಫೋಟೋ, ಟಿಪ್ಪಣಿಗಳು ತೆರೆಯುತ್ತವೆ. ಅದರಲ್ಲಿ ಉಳಿಸಿದ ಪಾಸ್‌ವರ್ಡ್‌ಗಳು ಮಾತ್ರ ಸಿಗುವುದಿಲ್ಲ.

10. ಓದಿಸಿ, ತಿದ್ದಿ, ದಿನಾಂಕ ಹಾಕಿ

ಮುಗಿದ ಮೇಲೆ ಒಂದೆರಡು ವಾರ ಬಿಟ್ಟು ಗಟ್ಟಿಯಾಗಿ ಓದಿ. ಚೊಚಿನೋವ್ ಅವರ ಕ್ರಮದಲ್ಲೂ ತಿದ್ದಿದ ಪ್ರತಿಯನ್ನು ರೋಗಿಗೆ ಓದಿ ಹೇಳಿ, ಒಪ್ಪಿಗೆ ಪಡೆದ ಮೇಲೆಯೇ ಮನೆಯವರಿಗೆ ಕೊಡುವುದು. ಸಾಧ್ಯವಾದರೆ ಇನ್ನೊಬ್ಬರಿಗೂ ಓದಿಸಿ, "ಇದರಲ್ಲಿ ಯಾವ ಸಾಲು ಮಗುವಿಗೆ ಚುಚ್ಚಬಹುದು?" ಎಂದು ಮಾತ್ರ ಕೇಳಿ.

ಪ್ರತಿ ಪುಟಕ್ಕೂ ದಿನಾಂಕ ಇರಲಿ. ವರ್ಷಕ್ಕೊಮ್ಮೆ ಪಾಲಕರ ಟಿಪ್ಪಣಿಯನ್ನು ತಿದ್ದಿ, ಮಗುವಿನ ದಿನಚರಿ ಅಷ್ಟರಲ್ಲಿ ಪೂರ್ತಿ ಬದಲಾಗಿರುತ್ತದೆ. ಮಗುವಿನ ಪತ್ರವನ್ನು ತಿದ್ದಬೇಡಿ, ಹೊಸ ಪುಟ ಸೇರಿಸಿ. ಹಳೆಯದೂ ಇರಲಿ.

ಈಗಾಗಲೇ ಕಾಯಿಲೆಯಲ್ಲಿರುವವರು ಈ ಕ್ರಮವನ್ನೆಲ್ಲ ಬದಿಗಿಟ್ಟು, ಇವತ್ತೇ ಐದು ನಿಮಿಷದ ಧ್ವನಿ ಮುದ್ರಿಸಿ, ಐದನೇ ಹಂತದ ಸಾಲುಗಳನ್ನು ಹೇಳಿಬಿಡಿ. ಉಳಿದದ್ದು ಶಕ್ತಿ ಇದ್ದಂತೆ. ನಿಮಗೆ ಆರೈಕೆ ಕೊಡುವ ತಂಡದಲ್ಲಿ ಆಪ್ತ ಸಮಾಲೋಚಕರಿದ್ದರೆ ಸಹಾಯ ಕೇಳಿ.

ಇನ್ನೊಂದು ಪ್ರಶ್ನೆಯೂ ಬರುತ್ತದೆ: ಮಗು ಈಗಲೇ ಆ ಲಕೋಟೆ ಕಂಡುಹಿಡಿದು ಓದಿಬಿಟ್ಟರೆ? ಗದರಬೇಡಿ, ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು "ನನಗೆ ಕಾಯಿಲೆ ಏನೂ ಇಲ್ಲ. ಯಾವತ್ತಾದರೂ ಬೇಕಾದೀತು ಅಂತ ಬರೆದಿಟ್ಟೆ" ಎಂದು ಹೇಳಿ. ಕಾಯಿಲೆ ಇದ್ದರೆ ಅದನ್ನೂ ಸುಳ್ಳಿಲ್ಲದೆ ಹೇಳಿ. ಮಗು ಕೇಳುವ ಪ್ರಶ್ನೆಗಳಿಗೆಲ್ಲ ಆ ಹೊತ್ತಿನಲ್ಲೇ ಉತ್ತರ ಕೊಡಿ, ಯಾವ ಸಾಲು ಅದಕ್ಕೆ ಅರ್ಥವಾಗಲಿಲ್ಲವೋ ಅದನ್ನು ಗುರುತು ಮಾಡಿಕೊಂಡು ಮುಂದಿನ ಪುಟದಲ್ಲಿ ಬಿಡಿಸಿ ಬರೆಯಿರಿ.